ಸಹಿಯ ಚೌಕ ಖಾಲಿ ಏಕೆಂದು ಕೇಳಿದವರಿಗೆ

ನನ್ನ ಶೀಟುಗಳನ್ನು ತಿರಸ್ಕರಿಸಿದ ಮಾನ್ಯ ಶಿಕ್ಷಣಾಧಿಕಾರಿಗಳೇ,

ಹತ್ತನೆಯ ತರಗತಿಯ ಟೆಕ್ನಿಕಲ್ ಡ್ರಾಯಿಂಗ್ ವಿಷಯಕ್ಕೆ ನಾನು ವರ್ಷವಿಡೀ ಬಿಡಿಸಿದ ಶೀಟುಗಳನ್ನು ತಮ್ಮ ಕಚೇರಿ ವಾಪಸು ಕಳಿಸಿದೆ. ಪ್ರತಿ ಶೀಟಿನ ಕೆಳಗೆ, ಬಲಮೂಲೆಯಲ್ಲಿ, ‘ಪರಿಶೀಲಿಸಿದವರು’ ಎಂಬ ಚೌಕವಿರುತ್ತದೆ. ವರ್ಷದ ದ್ವಿತೀಯಾರ್ಧದ ಶೀಟುಗಳಲ್ಲಿ ಆ ಚೌಕದೊಳಗೆ ಶಿಕ್ಷಕರ ಸಹಿ ಇಲ್ಲವಂತೆ. ಸಹಿ ಇಲ್ಲದಿದ್ದರೆ ಆಂತರಿಕ ಅಂಕವಿಲ್ಲ, ಅಂಕವಿಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ, ಪರೀಕ್ಷೆ ಬರೆಯದಿದ್ದರೆ ಡಿಪ್ಲೊಮಾಗೆ ಅರ್ಜಿ ಹಾಕುವಂತಿಲ್ಲ. ನಿಯಮ ಬಹಳ ಸೊಗಸಾಗಿದೆ. ಆದರೆ ಸಹಿ ಹಾಕಬೇಕಾದ ಶಿಕ್ಷಕಿಯನ್ನು ವರ್ಷದ ನಡುವೆ ಶಾಲೆಯಿಂದ ಎತ್ತಿಕೊಂಡು ಹೋದವರು ತಾವೇ ಅಲ್ಲವೇ? ಕುರ್ಚಿ ಎಳೆದುಕೊಂಡವರೇ ‘ನಿನಗೆ ನೆಟ್ಟಗೆ ಕೂರಲು ಬರುವುದಿಲ್ಲ’ ಎಂದು ಬೈದರೆ ನಾನು ಯಾರಿಗೆ ಹೇಳಲಿ? ಈ ಪತ್ರದ ಗೌರವದ ಭಾಷೆಯನ್ನು ತಿದ್ದಿಕೊಟ್ಟವರು ನಮ್ಮ ಅಜ್ಜ. ಸಿಟ್ಟು ಮಾತ್ರ ನನ್ನದೇ.

‘ಒಬ್ಬ ವಿದ್ಯಾರ್ಥಿನಿಗಾಗಿ ಒಬ್ಬ ಶಿಕ್ಷಕಿ ಎಂಬುದು ದುಂದುವೆಚ್ಚ’ ಎಂದು ತಮ್ಮ ಆದೇಶದಲ್ಲಿತ್ತು. ಆ ಒಬ್ಬಳು ನಾನು. ಉಳಿದವರೆಲ್ಲ ಕಂಪ್ಯೂಟರ್ ವಿಷಯಕ್ಕೆ ಹೋದರು. ಆ ಪೀರಿಯಡ್ಡಿನ ಗಂಟೆ ಹೊಡೆದಾಗ ಗೆಳತಿಯರು ಗುಂಪಾಗಿ ನಗುತ್ತಾ ಮೇಲಿನ ಮಹಡಿಗೆ ಹತ್ತುತ್ತಾರೆ, ನಾನು ಕೆಳಗಿನ ಡ್ರಾಯಿಂಗ್ ಕೊಠಡಿಯ ಬೀಗ ತೆಗೆಯುತ್ತೇನೆ. ಶೀಟನ್ನು ಬೋರ್ಡಿಗೆ ಅಂಟಿಸುವಾಗ ಆ ಕಡೆಯ ಮೂಲೆ ಹಿಡಿಯಲು ಒಂದು ಕೈ ಬೇಕು. ಆ ಕೈ ಇಲ್ಲ, ಮೂಲೆ ಸುರುಳಿ ಸುತ್ತಿಕೊಳ್ಳದ ಹಾಗೆ ಡಸ್ಟರ್ ಇಟ್ಟುಕೊಳ್ಳುತ್ತೇನೆ. ಕೆಲವು ಸಲ ಬೇಕೆಂದೇ ಸೆಟ್‌ಸ್ಕ್ವೇರ್ ಕೆಳಗೆ ಬೀಳಿಸುತ್ತೇನೆ, ಸದ್ದಾದರೂ ಆಗಲಿ ಎಂದು. ಇದನ್ನು ಯಾವ ವೆಚ್ಚಕ್ಕೆ ಸೇರಿಸುತ್ತೀರಿ?

ನಮ್ಮ ಡ್ರಾಯಿಂಗ್ ಮೇಡಂ ತಪ್ಪನ್ನು ತೋರಿಸುತ್ತಿರಲಿಲ್ಲ. ಬೆನ್ನ ಹಿಂದೆ ಬಂದು ನಿಂತು, ಶೀಟನ್ನು ಪೂರ್ತಿ ನೋಡಿ, ತಪ್ಪಿದ್ದರೆ ಬೆರಳ ಗೆಣ್ಣಿನಿಂದ ಮೇಜನ್ನು ಒಮ್ಮೆ ಕುಟ್ಟುತ್ತಿದ್ದರು. “ಇದೆ. ಹುಡುಕು” ಎಂದು ಹೇಳಿ ಹೋಗುತ್ತಿದ್ದರು. ಸಿಕ್ಕಿದ ಮೇಲೆ ಕರೆದು ತೋರಿಸಿದರೆ ಮಾತ್ರ ಸಹಿ. ಆಗ ಅವರ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಅವರಿಗೆ ವರ್ಗವಾಗಲಿ ಎಂದು ಕೂಡ ಅಂದುಕೊಂಡಿದ್ದೆ. ದೇವರಿಗೆ ಕೇಳಿಸಿತೋ ಇಲ್ಲವೋ, ತಮಗಂತೂ ಕೇಳಿಸಿತು.

ಶೀಟುಗಳು ವಾಪಸು ಬಂದ ಮರುದಿನ ಅವನ್ನು ಸುತ್ತಿಕೊಂಡು ತಮ್ಮ ಕಚೇರಿಗೇ ಬಂದೆ. ಮೇಡಂ ಅಲ್ಲಿ ಎರಡನೇ ಮಹಡಿಯ ಕಪಾಟುಗಳ ಸಂದಿಯಲ್ಲಿ ಕೂತಿದ್ದರು. ಯಾವ ಶಾಲೆಯಲ್ಲಿ ಯಾವ ಶಿಕ್ಷಕರ ಕೊರತೆಯಿದೆ ಎಂದು ಪಟ್ಟಿ ಮಾಡುವ ಕೆಲಸ ಕೊಟ್ಟಿದ್ದೀರಿ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ, ಹೇಳುವಾಗ ಅವರಿಗೇ ನಗು ಬಂತು. ಆಮೇಲೆ ನಗು ನಿಂತಿತು. “ಇಲ್ಲಿ ಕೂತು ನಾನು ಸಹಿ ಹಾಕೋ ಹಾಗಿಲ್ಲ ಕಣೇ. ಆರ್ಡರ್ ಇದೆ,” ಎಂದರು. ಆದರೂ ಸುರುಳಿ ಬಿಚ್ಚಿ ಮೇಲಿದ್ದ ಶೀಟನ್ನು ನೋಡಿದರು. ಗೋಡೆಗೆ ಕಪಾಟು ಕೂರಿಸುವ ಕಬ್ಬಿಣದ ಬ್ರಾಕೆಟ್ಟಿನ ಚಿತ್ರ ಅದು, ನನ್ನ ಪ್ರಕಾರ ನನ್ನ ಅತ್ಯುತ್ತಮ ಕೆಲಸ. ಮೇಡಂ ಮೇಜನ್ನು ಒಮ್ಮೆ ಕುಟ್ಟಿದರು. ಅಷ್ಟರಲ್ಲಿ ತಮ್ಮ ಮೇಲ್ವಿಚಾರಕರು ಬಂದು, “ಏನಮ್ಮಾ, ಇದೇನು ಕ್ಲಾಸ್ ರೂಮಾ? ನಡಿ ನಡಿ,” ಎಂದು ನನ್ನನ್ನು ಹೊರಗೆ ಕಳಿಸಿದರು.

ನಮ್ಮ ಹೆಡ್ಮೇಷ್ಟ್ರು ಒಳ್ಳೆಯವರು. ಇತಿಹಾಸ ಪಾಠ ಮಾಡುತ್ತಾರೆ. “ಕೊಡಮ್ಮ ಎಲ್ಲಾನೂ, ನಾನೇ ಗೀಚಿ ಹಾಕ್ತೀನಿ. ಯಾರು ನೋಡ್ತಾರೆ?” ಎಂದರು. ಬೇಡ ಸಾರ್ ಅಂದೆ. ಒಂದು ತಪ್ಪಿದೆ ಎಂದು ಗೊತ್ತಿದ್ದೂ ಹೇಗೆ ಕೊಡಲಿ? ಮನೆಯಲ್ಲಿ ಅಮ್ಮನಿಗೆ ತೋರಿಸಿದೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಮುಗಿಸಿ ಬಂದು ಕಾಲು ನೀವಿಕೊಳ್ಳುತ್ತಿದ್ದರು. “ಎಷ್ಟು ನೀಟಾಗಿದೆ ಮಗಳೇ! ಒಂದು ತಪ್ಪೂ ಇಲ್ಲ,” ಎಂದರು. ಶೀಟನ್ನು ತಲೆಕೆಳಗಾಗಿ ಹಿಡಿದಿದ್ದರು. ನಾನು ಸರಿಪಡಿಸಲಿಲ್ಲ. ನನ್ನನ್ನು ಮೆಚ್ಚುವವರು ಮನೆ ತುಂಬ ಇದ್ದಾರೆ ಸ್ವಾಮಿ, ಆದರೂ ಆ ಸಂಜೆ ನನಗೆ ಯಾರೂ ಇಲ್ಲ ಅನಿಸಿತು.

ಮೊನ್ನೆ ಡ್ರಾಯಿಂಗ್ ಕೊಠಡಿಯಲ್ಲಿ ತಪ್ಪು ಸಿಕ್ಕಿತು. ಬ್ರಾಕೆಟ್ಟಿನ ಹಿಂಬದಿಯ ತೂತು ಮುಂದಿನಿಂದ ಕಾಣುವುದಿಲ್ಲ. ಹಾಗೆ ಕಾಣದಿರುವುದನ್ನು ತುಂಡು ಗೆರೆಯಲ್ಲಿ ತೋರಿಸಬೇಕು, ನಾನು ಕಣ್ಣಿಗೆ ಕಾಣುವಂತೆ ಪೂರ್ತಿ ಗೆರೆ ಎಳೆದಿದ್ದೆ. ಅಷ್ಟೇ. ಖುಷಿಗೆ ಎದ್ದು ನಿಂತು “ಸಿಕ್ತು ಮೇಡಂ!” ಎಂದು ಕೂಗಿಬಿಟ್ಟೆ. ತಿರುಗಿದರೆ ಬರೀ ಬೆಂಚುಗಳು. ಅಲ್ಲೇ ಕೂತು ಅತ್ತೆ. ಇದನ್ನು ಬರೆಯಬೇಡ, ಮರ್ಯಾದೆ ಹೋಗುತ್ತದೆ ಎಂದರು ಅಜ್ಜ. ಹೋಗಲಿ.

ನನಗೆ ಕೃಪಾಂಕ ಬೇಡ, ವಿನಾಯಿತಿಯೂ ಬೇಡ. ಪರೀಕ್ಷೆ ಮುಗಿಯುವ ತನಕ ವಾರಕ್ಕೊಂದು ಮಧ್ಯಾಹ್ನ ನಮ್ಮ ಮೇಡಂ ಅವರನ್ನು ಶಾಲೆಗೆ ಕಳುಹಿಸಿಕೊಡಿ, ಶೀಟುಗಳನ್ನು ಮತ್ತೆ ಸ್ವೀಕರಿಸಿ. ಅವರು ಒಂದೊಂದನ್ನೂ ನೋಡಲಿ. ಸರಿಯಿಲ್ಲದಿದ್ದರೆ ಸಹಿ ಹಾಕುವುದೇ ಬೇಡ, ನಾನು ಹೊಸದಾಗಿ ಬಿಡಿಸುತ್ತೇನೆ. ಆದರೆ ನಾನು ತಪ್ಪು ಮಾಡಿದಾಗ ಅದು ತಪ್ಪೆಂದು ಹೇಳಲು ಒಬ್ಬರು ಬೇಕು.

ಇಂತಿ,
ಹಾಜರಿ ಕರೆಯುವವರಿಲ್ಲದಿದ್ದರೂ ತರಗತಿಗೆ ಬರುತ್ತಿರುವ ವಿದ್ಯಾರ್ಥಿನಿ