ಇಪ್ಪತ್ತೆರಡು ಕಾವಲುಗಾರರು

ಜೂನ್ 3, ಮಂಗಳವಾರ

ನಮ್ಮ ಯಜಮಾನರು ಇಂದು ಮತ್ತೆ ವೀರಮರಣ ಹೊಂದಿದರು. ನಾಲ್ಕು ಸಲ. ಊಟಕ್ಕೆ ಮುಂಚೆ ಮೂರು, ತಟ್ಟೆ ಹಿಡಿದುಕೊಂಡು ಒಂದು. ಯುದ್ಧದ ಗೇಮ್, ಒಂಬತ್ತನೇ ಮಿಷನ್. ಶತ್ರುಗಳ ಕ್ಯಾಂಪ್ ದಾಟಿ ಆಚೆಯ ಸೇತುವೆ ಮುಟ್ಟಬೇಕು. ಕಾವಲಿಗೆ ಇಪ್ಪತ್ತೆರಡು ಜನ. ಇವರು ಅಷ್ಟೂ ಜನರನ್ನು ಹೊಡೆಯಲು ಹೊರಡುತ್ತಾರೆ. ಏಳನೆಯವನು ಇವರನ್ನು ಹೊಡೆಯುತ್ತಾನೆ. ಒಂದು ತಿಂಗಳಾಯಿತು. ಪ್ಲಾಂಟಿನ ಗೆಳೆಯ ಹುಲಿಗೇಶ್ ಇದನ್ನು ಎಂದೋ ದಾಟಿದ್ದಾನೆ, ಹಾಗಾಗಿ ಮನೆಯಲ್ಲಿ ಸೂತಕ.

ಲ್ಯಾಪ್‌ಟಾಪ್ ಮುಟ್ಟಬಾರದೆಂದು ಆಜ್ಞೆ. ಆಟ ಎಲ್ಲಿವರೆಗೆ ಬಂತೆಂದು ಉಳಿಸಿಡುವ ಸೇವ್ ಇರುವುದು ಒಂದೇ ಅಂತೆ.

ಜೂನ್ 5, ಬೆಳಿಗ್ಗೆ 10

ಮುಟ್ಟಿದೆ. ಧೂಳು ಒರೆಸಲು ಎಂದು ದಾಖಲಾಗಲಿ.

ಕೈ ಸುಮ್ಮನಿರುವುದಿಲ್ಲ. ಇವರು ಫಸ್ಟ್ ಶಿಫ್ಟಿಗೆ ಹೋದ ಮೇಲೆ ಹೊಸಪೇಟೆಯ ಈ ಎರಡು ಕೋಣೆಯನ್ನು ಎಷ್ಟು ಸಲ ಗುಡಿಸುವುದು... ಅತ್ತೆಯೂ ಹಾಗೇ. ಕಂಪ್ಲಿಯಿಂದ ಬಂದು ಹದಿನೈದು ದಿನ, ಬಾಗಿಲಿಗೂ ಕಿಟಕಿಗೂ ಓಡಾಡಿ ನೆಲ ಸವೆಸಿದ್ದಾರೆ. ನಾನು ಗೇಮಿನಲ್ಲಿ ಎರಡು ಸಲ ಸಾಯುವುದನ್ನು ಹಿಂದೆ ನಿಂತು ನೋಡಿದರು. ಹುಡುಗಿಯಾಗಿದ್ದಾಗ ಜೋಳದ ಹೊಲದಲ್ಲಿ ಅಟ್ಟಣೆ ಹತ್ತಿ, ಕವಣೆ ಬೀಸಿ ಹಕ್ಕಿ ಕಾದವರು. ಕಲ್ಲು ಹಕ್ಕಿಗೆ ತಾಗಬಾರದಂತೆ, ಪಕ್ಕಕ್ಕೆ ಬೀಳಬೇಕಂತೆ.

"ಅವ್ರನ್ನ ಯಾಕ ಹೊಡಿತಿ ತುಳಸಿ? ಆ ಕಡಿ ತಗಡಿಗೆ ಹೊಡಿ. ಎದ್ದು ಹೋಗ್ತಾರ."

ಮೂಲೆಯ ತಗಡಿನ ಶೆಡ್ಡಿಗೆ ಹೊಡೆದೆ. ಠಣ್. ಇಪ್ಪತ್ತೆರಡೂ ಗುಬ್ಬಿ ಹಿಂಡಿನ ಹಾಗೆ ಎದ್ದು ಅತ್ತ ಹೋದವು. ಖಾಲಿ ಕ್ಯಾಂಪಿನಲ್ಲಿ ಸಂತೆಗೆ ಹೋದಂತೆ ನಡೆದು ಸೇತುವೆ ಮುಟ್ಟಿದೆ. ಸೇವ್ ತಾನೇ ಆಗಿಬಿಟ್ಟಿತು. ಹಿಂದಕ್ಕೆ ತರಲು ಬರುತ್ತಿಲ್ಲ.

ಅದೇ ದಿನ, ಸಂಜೆ 4

ಇವರು ಬಂದು, ಹತ್ತನೇ ಮಿಷನ್ ಕಂಡು ಕಣ್ಣುಜ್ಜಿಕೊಂಡರು. ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ, ನಿನ್ನೆ ತೂಕಡಿಕೆಯಲ್ಲಿ ತಾವೇ ದಾಟಿದ್ದೆಂದು ತೀರ್ಮಾನಿಸಿ ಹುಲಿಗೇಶನಿಗೆ ಫೋನ್ ಹಚ್ಚಿದರು. ಇಪ್ಪತ್ತೆರಡು ಜನರನ್ನು ಒಬ್ಬರೇ ಹೊಡೆದರಂತೆ! ಆಮೇಲೆ ಕನ್ನಡಿ ಮುಂದೆ ನಿಂತು ಮೀಸೆ ತಿದ್ದಿಕೊಂಡರು.

ಬಾಯಿ ಮುಚ್ಚಿದೆ.

ಜೂನ್ 12

ಭಾನುವಾರ ಹುಲಿಗೇಶ್ ಬರುತ್ತಾನಂತೆ, ಪರಾಕ್ರಮ ನೋಡಲು. ಗೇಮಿನಲ್ಲಿ ಪ್ರತಿ ಮಿಷನ್ನಿಗೂ ಮಾರ್ಕ್ಸ್ ಕಾರ್ಡ್ ಇದೆಯೆಂದು ಇವತ್ತು ಗೊತ್ತಾಯಿತು — ಎಷ್ಟು ಗುಂಡು, ಎಷ್ಟು ಹೆಣ. ನಮ್ಮದು ಗುಂಡು ಒಂದು. ಹೆಣ ಸೊನ್ನೆ.

ಅನ್ನ ಎರಡು ಸಲ ಸೀದಿತು. ಗೆಳೆಯನೆದುರು ಮಾನ ಹೋಗುವುದು ಇವರದು, ಕಳೆದವಳು ನಾನು. ಹೇಳಿಬಿಡು ಎಂದರು ಅತ್ತೆ. ನಾಳೆ ಹೇಳುತ್ತೇನೆ.

ಜೂನ್ 15, ಭಾನುವಾರ, 11:40

ಹೇಳಲಿಲ್ಲ.

ಹುಲಿಗೇಶ್ ಬಂದ. ಚಹಾ ಕೊಡುವ ನೆಪದಲ್ಲಿ ಸ್ಕ್ರೀನಿಗೆ ಅಡ್ಡ ನಿಂತೆ; ಎಷ್ಟು ಹೊತ್ತು ನಿಂತಾಳು ಒಬ್ಬಳು. ಕಾರ್ಡ್ ತೆರೆದ. ಓದಿದ.

"ಲೇ ಓಬಳೇಶ, ಒಬ್ನೂ ಸತ್ತಿಲ್ಲಲ್ಲೋ. ಹೆಂಗ ದಾಟಿದಿ? ನಂಗ ಎರಡು ತಿಂಗಳು ಹಿಡೀತು."

ಕುಚೋದ್ಯವಲ್ಲ, ನಿಜಕ್ಕೂ ಕೇಳುತ್ತಿದ್ದ. ಇವರು ನನ್ನನ್ನು ನೋಡಿದರು. ನಾನು ಅತ್ತೆಯನ್ನು.

"ನಾ ಹೇಳಿದೆ, ಆಕಿ ಹೊಡದ್ಲು," ಎಂದರು ಅತ್ತೆ. "ಹಕ್ಕಿ ಕೊಲ್ಲಾಕ ಕುಂತ್ರ ಹೊಲ ಕಾಯೋದು ಯಾವಾಗಪ್ಪ?"

ಅಡುಗೆಮನೆಗೆ ಓಡಿ ಬಂದು ಇದನ್ನು ಗೀಚುತ್ತಿದ್ದೇನೆ. ಹೊರಗೆ ಕೂಗಾಟವಿಲ್ಲ. ಕುರ್ಚಿ ಎಳೆದ ಸದ್ದು. "ಅವ್ವ, ಇಲ್ಲಿ ಕುಂದ್ರು," ಇವರು ಅನ್ನುತ್ತಿದ್ದಾರೆ. ಹತ್ತನೆಯದರಲ್ಲಿ ಮೂವತ್ತು ಜನರಂತೆ. ಈಗ ನನ್ನ ಹೆಸರು... ಬೈಯಲು ಕರೆಯುತ್ತಿದ್ದಾರೋ, ಬಂದೂಕು ಕೊಡಲು —