ಮೂರು ತಿಂಗಳ ಮಟ್ಟಿಗೆ

ಮಹಡಿ ಮನೆ,
ಸೋಮವಾರ, ಜೂನ್ ೯

ಪ್ರೀತಿಯ ಅಜ್ಜೀ,

ನಿನಗೊಬ್ಬಳು ಅಕ್ಕ ಇದ್ದಾಳೆ! ಬದುಕಿದ್ದಾಳೆ, ಗಟ್ಟಿಮುಟ್ಟಾಗಿದ್ದಾಳೆ, ಥೇಟ್ ನಿನ್ನ ಹಾಗೆ ಮೂಗಿನ ತುದಿಯಲ್ಲೇ ಕೋಪ! ತಡೆಯಲಾಗದೆ ಮೊದಲೇ ಬರೆದುಬಿಟ್ಟೆ. ಈಗ ಕ್ರಮವಾಗಿ ಕೇಳುತ್ತೇನೆ: ಮಂಡಿನೋವು ಹೇಗಿದೆ? ಮಾತ್ರೆ ನುಂಗುತ್ತಿದ್ದೀಯಾ, ಇಲ್ಲಾ ದಿಂಬಿನ ಕೆಳಗೆ ಸೇರಿಸುತ್ತಿದ್ದೀಯಾ? ನಾನು ಬಹಳ ಸುಖವಾಗಿದ್ದೇನೆ. ಮದುವೆಯಾಗಿ ಎರಡು ತಿಂಗಳಾದರೂ ಬೆಳಿಗ್ಗೆ ಇವರೇ ಕಾಫಿ ಮಾಡಿ ಎಬ್ಬಿಸುತ್ತಾರೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ ಅಂತೀಯ, ಗೊತ್ತು. ಒಗೆಯಲಿ ಬಿಡು!

ಮದುವೆಯ ಮರುದಿನ ಇವರು ನಿನಗೆ ಪುಟ್ಟ ಕೊಳವೆ ಕೊಟ್ಟು ಉಗುಳಿ ಎಂದಾಗ, "ಎಂಥಾ ಗಂಡನ್ನ ಹುಡುಕಿದೀಯೇ, ಮುದುಕಿ ಉಗುಳಿಗೂ ಕೈ ಚಾಚ್ತಾನೆ!" ಅಂದೆಯಲ್ಲ, ಆ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಬಂತು. ಅದರ ಪ್ರಕಾರ ನೀನು ಗಂಡಸು! ಇವರು ತಾವೂ ಉಗುಳಿ ಕಳಿಸಿದ್ದರಲ್ಲ, ನಿನ್ನ ಹೆಸರಿನ ಚೀಟಿಯನ್ನು ತಮ್ಮ ಕೊಳವೆಗೆ, ತಮ್ಮದನ್ನು ನಿನ್ನದಕ್ಕೆ ಅಂಟಿಸಿದ್ದರು. ಎರಡನ್ನೂ ಅದಲುಬದಲು ಮಾಡಿ ನೋಡಿದರೆ, ನಿನಗೆ ಹತ್ತಿರದ ರಕ್ತಸಂಬಂಧಿ ಒಬ್ಬರು ನರ್ಸ್. ಫೋನ್ ಮಾಡಿದೆ. "ಅಮ್ಮ ಇವತ್ತಿಗೂ ತಂಗೀನ ಹುಡುಕಿಸ್ತಾನೇ ಇದಾರೆ" ಅಂದರು. ಆ ಅಮ್ಮನೇ ನಿನ್ನ ಅಕ್ಕ!

ಆಮೇಲೆ ನೀನು ಬೆಳೆದ ಅನಾಥಾಲಯಕ್ಕೆ ಹೋದೆವು. ದಾಖಲೆಯಲ್ಲಿ ನಿನ್ನ ಹೆಸರಿನ ಮುಂದೆ "ತಂದೆತಾಯಿ ತಿಳಿಯದು" ಎಂದಷ್ಟೇ ಇತ್ತು. ಅದನ್ನು ನೋಡಿಯೇ ಅಲ್ಲಿಯವರು ನಿನಗೆ ಬಾಗಿಲಲ್ಲಿ ಬಿಟ್ಟುಹೋದ ಕೂಸು ಎಂದು ಹೇಳಿ ಬೆಳೆಸಿದ್ದು. ಆದರೆ ಅದು ನಕಲು, ಅಜ್ಜಿ! ಅನಾಥಾಲಯ ಊರು ಬದಲಿಸಿದಾಗ ಯಾರೋ ಪುಣ್ಯಾತ್ಮ ಹೊಸ ಪುಸ್ತಕಕ್ಕೆ ಇಳಿಸುತ್ತಾ, ಕೈ ನೋಯುತ್ತದೆಂದು ಷರಾದ ಅಂಕಣವನ್ನೇ ಬಿಟ್ಟು, "ತಿಳಿಯದು" ಎಂದು ಗೀಚಿಬಿಟ್ಟಿದ್ದಾನೆ. ಗುಮಾಸ್ತರು ಗೊಣಗುತ್ತಲೇ ಅಟ್ಟದಿಂದ ಮೂಲ ಪುಸ್ತಕ ಇಳಿಸಿಕೊಟ್ಟರು. ಅದರಲ್ಲಿ ಹೀಗಿದೆ: "ತಾಯಿ ಕ್ಷಯದ ಆಸ್ಪತ್ರೆಯಲ್ಲಿ. ಮೂರು ತಿಂಗಳ ಮಟ್ಟಿಗೆ ಮಾತ್ರ. ಮಗುವನ್ನು ಯಾರಿಗೂ ಕೊಡಬಾರದು, ಬಂದು ಕರೆದೊಯ್ಯುವೆನೆಂದು ತಾಯಿಯ ಕೋರಿಕೆ."

ಅವಳು ಆಸ್ಪತ್ರೆಯಿಂದ ಮರಳಲಿಲ್ಲ. ಎಂಟು ವರ್ಷದ ನಿನ್ನ ಅಕ್ಕ ಸೋದರಮಾವನ ಕೈ ಹಿಡಿದು ನಿನ್ನನ್ನು ಕರೆದೊಯ್ಯಲು ಬಂದಾಗ ಗೇಟಿಗೆ ಬೀಗವಿತ್ತಂತೆ; ಅನಾಥಾಲಯ ಅಷ್ಟರಲ್ಲಿ ಊರು ಬಿಟ್ಟಿತ್ತು. ಇನ್ನು ಮುಂದೆ "ಯಾರಿಗೂ ಬೇಡದ ಕೂಸು ನಾನು" ಅಂದರೆ ನಾನು ಮಾತು ಬಿಡುತ್ತೇನೆ, ನೋಡು!

ಇವರ ನಮಸ್ಕಾರಗಳು. ನಿನಗೆ ನೂರು ಮುತ್ತು.

ನಿನ್ನ
ಬಾಯಿಬಡುಕಿ

ಮರೆತೇಬಿಟ್ಟಿದ್ದೆ! ನೀನು ಅಕ್ಕನ ಮನೆಗೆ ಹೋಗುವುದು ಬೇಡವಂತೆ. "ಕರ್ಕೊಂಡು ಬರೋಕೆ ಹೋಗಬೇಕಾದವಳು ನಾನು" ಅಂತ ನಿನ್ನ ಅಕ್ಕ ಹಟ ಹಿಡಿದು ನನ್ನ ಜೊತೆಯೇ ಹೊರಟಿದ್ದಾಳೆ. ಗುರುವಾರ, ಬೆಳಿಗ್ಗೆ ಏಳು ಇಪ್ಪತ್ತರ ಪ್ಯಾಸೆಂಜರ್ ರೈಲು.