ಕರಿಯ ದಿನ ಹಾಜರಾಗದವನ ಪಿಂಚಣಿ

ಪಿಂಚಣಿ ನಿಯಮಗಳನ್ನು ಬರೆಯುವ ಮಾನ್ಯ ಕಾರ್ಯದರ್ಶಿಗಳೇ,

ನನ್ನ ಗೆಳೆಯ ಹೊನ್ನೇಶನಿಗೆ ಹಳೆಯ ಪಿಂಚಣಿ ಬರುತ್ತದೆ, ನನಗೆ ಬರುವುದಿಲ್ಲ. ಇದು ನ್ಯಾಯದ ಪ್ರಶ್ನೆ ಎಂದು ಶುರು ಮಾಡಬೇಕೆಂದಿದ್ದೆ. ಸುಳ್ಳೇಕೆ? ಮೊದಲು ಹುಟ್ಟಿದ್ದು ಹೊಟ್ಟೆಕಿಚ್ಚು; ನ್ಯಾಯ ಆಮೇಲೆ ನೆನಪಾಯಿತು.

ಶಿರಹಟ್ಟಿಯ ಒಂದು ಸರ್ಕಾರಿ ಕಚೇರಿಯಲ್ಲಿ ನಾವಿಬ್ಬರೂ ಹದಿನೈದು ವರ್ಷ ಒಂದೇ ಮೇಜಿನ ದಿನಗೂಲಿ ಗುಮಾಸ್ತರು. ನಮ್ಮನ್ನು ಕಾಯಂ ಮಾಡಿದ ಆದೇಶ 2006ರ ಮಾರ್ಚ್ 28ರಂದು ಒಂದೇ ಹಾಳೆಯಲ್ಲಿ ಬಂತು. 29 ಗ್ರಹಣದ ಅಮಾವಾಸ್ಯೆ, 30 ಯುಗಾದಿ, 31 ಹಬ್ಬದ ಮರುದಿನದ ಕರಿ. ಕರಿಯ ದಿನ ನಮ್ಮ ಮನೆಯಲ್ಲಿ ಹೊಸ ಕೆಲಸ ಹಿಡಿಯುವುದಿಲ್ಲ. ಅವ್ವ ಹನಮಂತವ್ವ ಬಾಗಿಲಲ್ಲೇ ತಡೆದಳು: "ಹದಿನೈದು ವರ್ಷ ಕಾದೀಯಪಾ, ಇನ್ನೊಂದು ದಿನಕ್ಕ ಏನಾಕ್ಕೈತಿ? ಕರಿ ಮುಗೀಲಿ."

ಹೊನ್ನೇಶ ಸೈಕಲ್ ಮೇಲಿಂದಲೇ ಕೂಗಿದ: "ಬರ್ತೀಯೇನಲೇ ಅಂದಪ್ಪಾ? ಸರಕಾರಕ್ಕ ಯಾವ ಕರಿ?"

ಅವನು ಅಂದೇ ಹೋಗಿ ಕೆಲಸಕ್ಕೆ ಹಾಜರಾದೆನೆಂದು ಸಹಿ ಮಾಡಿದ. ನಾನು ಏಪ್ರಿಲ್ ಒಂದರಂದು ವಿಭೂತಿ ಹಚ್ಚಿಕೊಂಡು ಹೋದೆ. ಅಂದಿನಿಂದ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲವೆಂಬ ನಿಮ್ಮ ಆದೇಶ ನಮ್ಮ ಮೇಜಿಗೆ ಬಂದದ್ದು ಮೇ ತಿಂಗಳಲ್ಲಿ. ನನಗಿಂತ ಬರೀ ಎಂಟು ತಿಂಗಳು ದೊಡ್ಡವನಾದ ಹೊನ್ನೇಶ ಹಳೆಯ ತಲೆಮಾರಿನವನಾದ. ನಾನು ನಲವತ್ತರ ವಯಸ್ಸಿನಲ್ಲಿ ಹೊಸ ತಲೆಮಾರಿನವನಾದೆ. ಇಂಥ ಯೌವನವನ್ನು ನಿಮ್ಮಲ್ಲಿ ಯಾರು ಬೇಡಿದ್ದರು? ಆ ದಿನಕ್ಕೆ ಮೊದಲೇ ನೇಮಕಾತಿಯ ಅಧಿಸೂಚನೆ ಹೊರಟಿದ್ದವರಿಗೆ ನಂತರ ಹಳೆಯ ಪಿಂಚಣಿಗೆ ದಾರಿ ಬಿಟ್ಟಿರಿ. ನಮ್ಮದು ಅಧಿಸೂಚನೆಯ ನೇಮಕವಲ್ಲ, ದುಡಿದ ಹದಿನೈದು ವರ್ಷ, ಅದು ನಿಯಮದಲ್ಲಿಲ್ಲವಂತೆ.

ಹೊನ್ನೇಶ ಈಗ ನಿವೃತ್ತ. ಬೆಳಿಗ್ಗೆ ಪತ್ರಿಕೆಯಲ್ಲಿ ಅವನು ಕ್ರೀಡಾಪುಟ ಓದುತ್ತಾನೆ, ನಾನು ಷೇರುಪೇಟೆಯ ಸೂಚ್ಯಂಕ; ನನ್ನ ಹೊಸ ಪಿಂಚಣಿಯ ದುಡ್ಡು ಏರಿಳಿಯುವುದು ಅದರ ಜೊತೆಗೇ. ತುಟ್ಟಿಭತ್ಯೆ ಏರಿದ ದಿನ ಮಿರ್ಚಿ ಭಜಿ ತಂದು ನನ್ನ ಮೇಜಿನ ಮೇಲಿಡುತ್ತಾನೆ. "ತಿನ್ನಲೇ, ನಿನ್ನ ಕರಿ ಇನ್ನೂ ಮುಗದಿಲ್ಲೇನು?" ತಿನ್ನುತ್ತೇನೆ. ಸಂಜೆಯವರೆಗೂ ಎದೆ ಉರಿಯುತ್ತದೆ.

ಬರುವ ತಿಂಗಳ ಕೊನೆಗೆ ನನ್ನ ನಿವೃತ್ತಿ. ಮೊನ್ನೆ ಅವ್ವ ಕೇಳಿದಳು: "ಹೊನ್ನೇಶಗ ಬರೂದು ನಿನಗ್ಯಾಕ ಬರೂದಿಲ್ಲಪಾ? ನಾ ತಡದಿದ್ದಕ್ಕೇನು?"

"ಇಲ್ಲವ್ವ, ಸಾಹೇಬ್ರಿಗೆ ಕಾಗದ ಹೋಗೇತಿ," ಎಂದೆ. ಆ ಕಾಗದ ಇದೇ.

ಮುಂದಿನ ಅಧಿವೇಶನದಲ್ಲಿ ತಿದ್ದುಪಡಿ ಮಸೂದೆ ತನ್ನಿ: ಹಾಜರಾದ ದಿನವಲ್ಲ, ಆದೇಶದ ದಿನ ಲೆಕ್ಕಕ್ಕೆ ಬರಲಿ. ಉತ್ತರವನ್ನು ನನಗಲ್ಲ, ಹನಮಂತವ್ವಳ ಹೆಸರಿಗೆ ಬರೆಯಿರಿ. ತಪ್ಪು ಅವಳದಲ್ಲವೆಂದು ನಾನು ಹೇಳಿದರೆ ನಂಬುವುದಿಲ್ಲ. ಸರ್ಕಾರದ ಮುದ್ರೆಯಿದ್ದರೆ ನಂಬುತ್ತಾಳೆ.

ಹೊನ್ನೇಶನೂ ಇದಕ್ಕೆ ಸಹಿ ಹಾಕುತ್ತೇನೆಂದ. ಹಾಕಗೊಡಲಿಲ್ಲ. ದೊಡ್ಡ ಮನಸ್ಸೂ ಅವನಿಗೇ ಸಿಗಬೇಕೇ?

ಇಂತಿ,
ಒಂದು ದಿನ ತಡವಾಗಿ ಹೊಸಬನಾದ
ಅಂದಪ್ಪ, ಶಿರಹಟ್ಟಿ